ಮೂರು ಗಂಟಿನ ದಾರ

ನಾನು ಗಡಿಯಾರ ರಿಪೇರಿ ಮಾಡುವವನು. ಕಣ್ಣಾರೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಇದು ಕಣ್ಣಾರೆ ಕಂಡದ್ದು.

ಅತ್ತಿಗೆ ತೀರಿಕೊಂಡ ಮೇಲೆ ಅವರ ಅಕ್ವೇರಿಯಂ ಮನೆಯಲ್ಲಿರುವುದು ಬೇಡವೆಂದು ಅಣ್ಣ ನಮಗೆ ಕೊಟ್ಟ. ಮೀನಿಗಿಂತ ಅದರೊಳಗಿನ ಪಾಚಿಯೇ ಅತ್ತಿಗೆಗೆ ಜೀವವಾಗಿತ್ತು. ಕೂದಲೆಳೆಯಂಥ ಆ ಪಾಚಿಯನ್ನು ದಾರದಿಂದ ಕಲ್ಲಿಗೆ ಕಟ್ಟಿಟ್ಟರೆ ಒಂದೆರಡು ತಿಂಗಳಲ್ಲಿ ಅಂಟಿಕೊಂಡು ಬೆಳೆಯುತ್ತದೆ. ಅತ್ತಿಗೆ ಟೈಲರ್. ಮೂರು ಗಂಟು ಹಾಕಿ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು. "ಬಿಗಿಯಾಗಿ ಕಟ್ಟಬೇಕು ಕಣಪ್ಪ, ಅಲ್ಲಾಡಿದ್ರೆ ಹಿಡಿಯಲ್ಲ" ಅನ್ನುತ್ತಿದ್ದರು.

ಒಂದು ದಿನ ಪಾಚಿ ಕಲ್ಲಿನಿಂದ ಕಳಚಿತ್ತು. ಬಿಳಿ ದಾರದಲ್ಲಿ ಎರಡು ಗಂಟು ಹಾಕಿ ಕಟ್ಟಿದೆ. ಮರುದಿನ ನೋಡಿದರೆ ಕಪ್ಪು ದಾರ, ಮೂರು ಗಂಟು. ತುದಿ ಹಲ್ಲಿನಲ್ಲಿ ಕಡಿದಂತಿತ್ತು.

ಹೆಂಡತಿಯನ್ನು ಕೇಳಿದೆ. "ಅದರ ತಂಟೆಗೆ ನಾನ್ಯಾಕ್ರೀ ಹೋಗ್ಲಿ? ಆ ನೀರು ಐಸ್ ಥರ ಕೊರೆಯುತ್ತೆ" ಅಂದಳು. ಹೊರಗೆ ಸುಡು ಬಿಸಿಲು. ನೀರಿಗೆ ಬೆರಳಿಟ್ಟೆ. ಅವಳು ಹೇಳಿದ್ದು ನಿಜ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ವೇರಿಯಂ ಪಕ್ಕದ ಕುರ್ಚಿಯಲ್ಲಿ ಒರಗಿದ್ದವನಿಗೆ ಜೊಂಪು ಹತ್ತಿತು. ಕಿವಿಯ ಬಳಿ ಟಕ್ಕೆಂದು ದಾರ ಕಡಿದ ಸದ್ದಾಗಿ ಎಚ್ಚರವಾಯಿತು. ಎಡಗೈಯ ಕಿರುಬೆರಳು ಮರಗಟ್ಟಿತ್ತು. ಅದರ ಸುತ್ತ ಒದ್ದೆಯಾದ ಕಪ್ಪು ದಾರ, ಮೂರು ಗಂಟು. ದಾರದಡಿಯಲ್ಲಿ ಒಂದು ಚೂರು ಪಾಚಿ.

ಕತ್ತರಿ ಹಿಡಿದು ದಾರ ಕತ್ತರಿಸಿದೆ. ಬೆರಳು ಜಾಡಿಸಿದೆ, ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ.

ಪಾಚಿ ಬಿಡಲಿಲ್ಲ. ಆಗಲೇ ಹಿಡಿದಿತ್ತು.