ಉಗುರಿನೊಳಗಿನ ಕೆಮ್ಮಣ್ಣು

ಬೆಳಿಗ್ಗೆ ಏಳಕ್ಕೆ ನಾವು ಪೊಲೀಸರು ಚಿಕರಾಸಿ ಹಳ್ಳಿ ತಲುಪುವಷ್ಟರಲ್ಲಿ ಊರಿನವರು ಕೊಸಾಸಿಯನ್ನು ಅರ್ಧ ಕೊಂದಿದ್ದರು. ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವವನು ಅವನು. ಅವನ ಕುಲುಮೆಯ ಬಾಯಲ್ಲೇ ಊರಿನ ನರ್ಸ್ ನೆನೆಂಗ್ ಎಂಬವಳ ಹೆಣ ಬಿದ್ದಿತ್ತು. ತಲೆಯ ಹಿಂಭಾಗ ಒಡೆದುಹೋಗಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ಕಿಟ್ಟದ ಹೆಂಟೆ — ಸೀಸ ಕರಗಿಸಿದ ಮೇಲೆ ಉಳಿಯುವ ಕಪ್ಪು ಕಸ.

ಇನ್‌ಸ್ಪೆಕ್ಟರ್ ಬು ಎಂತಿನ್ — ‘ಬು’ ಅಂದರೆ ನಮ್ಮಲ್ಲಿ ಅಮ್ಮಾವ್ರು — ಗಾಳಿಗೆ ಗುಂಡು ಹಾರಿಸಿದರು. ಬಿದಿರು ದೊಣ್ಣೆಗಳು ಕೆಳಗಿಳಿದವು. "ಹೆಂಟೇಲಿ ಹೊಡೆದು ಕೊಂದಿದಾನೆ!" ಎಂದು ಜನ ಕೂಗುತ್ತಲೇ ಇದ್ದರು.

"ಅವಳಿಗೆ ಬೆದರಿಕೆ ಹಾಕಿದ್ಯಾ?" ಎಂದು ಕೊಸಾಸಿಯನ್ನು ಕೇಳಿದರು.

"ಹಾಕಿದ್ದೆ ಬು! ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಕುಲುಮೆ ಮುಚ್ಚಿಸ್ತೀನಿ ಅಂತಿದ್ಲು. ಬೈದೆ. ಕೊಂದಿಲ್ಲ—" ರಕ್ತದ ಜೊತೆ ಹಲ್ಲೊಂದನ್ನು ಉಗುಳಿದ.

"ಬೊಗಳ್ತಾನೆ!" ಊರ ಮುಖ್ಯಸ್ಥ ಎಂಗ್ಕುಸ್ ಅಬ್ಬರಿಸಿದ; ‘ಪಾಕ್’, ಅಂದರೆ ಯಜಮಾನರು, ಅಂತಲೇ ಊರವರು ಅವನನ್ನು ಕರೆಯುವುದು. "ಹೆಣ್ಣುಮಗಳನ್ನ ಗುದ್ದಲೀಲಿ ಚಚ್ಚಿದಾನೆ. ಇದೇ ಕುಲುಮೆಗೆ ತಳ್ರೋ ಇವನನ್ನ!"

ಬು ಎಂತಿನ್ ಹೆಣದ ಕೈ ಎತ್ತಿ ನನಗೆ ತೋರಿಸಿದರು. "ಉಗುರಲ್ಲಿ ಏನಿದೆ ಯಾಯತ್?"

"ಕಿಟ್ಟದ ಕರೀ ಪುಡಿ ಬು. ಕೆಮ್ಮಣ್ಣೂ ಇದೆ."

"ಇಲ್ಲಿ ಕೆಮ್ಮಣ್ಣು ಎಲ್ಲಿದೆ?"

ಸುತ್ತ ನೋಡಿದೆ. ನೆಲವೆಲ್ಲ ಕಪ್ಪು.

ಅವರು ಕೊಸಾಸಿಯತ್ತ ಬಾಗಿದರು. "ನಿನ್ನ ಕಿಟ್ಟ ಯಾರಾದ್ರೂ ತಗೊಂಡು ಹೋಗಿದ್ರಾ?"

"ಪಾಕ್ ಎಂಗ್ಕುಸೇ... ಶಾಲೆ ಮೈದಾನದ ಗುಂಡಿ ತುಂಬ್ಸೋಕೆ. ಮೇಲೆ ಕೆಮ್ಮಣ್ಣು ಹರಡಿದ್ರು."

ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದೆವು. ಗೋಲಿನ ಕಂಬದ ಬುಡದಲ್ಲಿ ಮಣ್ಣು ಹಸಿಯಾಗಿತ್ತು. ಅಗೆದೆ. ಒಂದು ಗೇಣು ಕೆಂಪು, ಆಮೇಲೆ ಕಪ್ಪು. ಅದರೊಳಗೆ ನೆನೆಂಗಳ ಚಪ್ಪಲಿ. ಬೇಲಿಯ ಪೊದೆಯಲ್ಲಿ ಗುದ್ದಲಿ ಸಿಕ್ಕಿತು — ಅಲಗಿಗೆ ಕೂದಲು ಅಂಟಿತ್ತು.

"ಅವಳು ಸತ್ತಿದ್ದು ಇಲ್ಲಿ," ಎಂದರು ಬು ಎಂತಿನ್. "ಕೆಮ್ಮಣ್ಣಿನ ಕೆಳಗೆ ಕಿಟ್ಟ ಇರೋದು ಇಲ್ಲೊಂದೇ ಕಡೆ. ಹೆಣಾನ ಕುಲುಮೆಗೆ ಸಾಗಿಸಿ ಪಕ್ಕ ಹೆಂಟೆ ಇಟ್ಟಿದ್ದು ನಮ್ಮ ಕಣ್ಣು ಕಟ್ಟೋಕೆ. ಎಲ್ಲರೂ ಹೆಂಟೇಲಿ ಹೊಡೆದ ಅಂದ್ರು. ಗುದ್ದಲಿ ಅಂದಿದ್ದು ಒಬ್ಬರೇ — ನೀವು, ಪಾಕ್ ಎಂಗ್ಕುಸ್."

ಎಂಗ್ಕುಸ್ ನನ್ನ ಎಡಗೈಯಿಂದ ಗುದ್ದಲಿ ಕಿತ್ತುಕೊಂಡು ಬು ಎಂತಿನ್ ತಲೆಗೆ ಬೀಸಿದ. ನನ್ನ ಲಾಠಿ ಅವನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಕೇಳಿಸಿತು. ಮಣ್ಣಿನಲ್ಲಿ ಬಿದ್ದು ಒದ್ದಾಡುತ್ತಲೇ ಕಿರುಚಿದ: "ಊರಿಗೆ ಮೈದಾನ ಮಾಡಿಕೊಟ್ಟೋನು ನಾನು! ಬೆಳಗಿನ ಜಾವ ಬಂದು ಅಗೀತಿದ್ಲು. ನನ್ನನ್ನ ಮಕ್ಕಳಿಗೆ ವಿಷ ಹಾಕ್ದೋನು ಅಂತ ಮಾಡ್ತಿದ್ಲು!"

ಬು ಎಂತಿನ್ ಹೆಣದ ಹೆಗಲಿಂದ ಬಿಡಿಸಿ ತಂದಿದ್ದ ಕೈಚೀಲದಿಂದ ರಕ್ತ ಪರೀಕ್ಷೆಯ ಹಾಳೆ ತೆಗೆದರು.

"ಈ ಮೈದಾನದಲ್ಲಿ ಆಡೋ ಹದಿನೇಳು ಮಕ್ಕಳ ರಕ್ತದಲ್ಲಿ ಸೀಸ, ಕಿಟ್ಟದಲ್ಲಿರೋ ಅದೇ ವಿಷ. ಎಲ್ಲರಿಗಿಂತ ಹೆಚ್ಚು ಐದು ವರ್ಷದ ಎಯುಯಿಸ್‌ಗೆ. ತಡ ಮಾಡಿದ್ರೆ ಬದುಕಲ್ಲ ಅಂತ ಬರೆದಿದೆ. ಯಾರ ಮಗು ಅದು?"

ಎಂಗ್ಕುಸನ ಒದ್ದಾಟ ನಿಂತಿತು.

"ನನ್ನ ಮೊಮ್ಮಗಳು," ಅಂದ. ಆಮೇಲೆ ತುಂಬ ಮೆಲ್ಲಗೆ: "ಒಂದು ಮಾತು ಕೇಳಿ ಪಾಕ್, ಅಂತಿದ್ಲು. ಮುಗಿಸೋಕೆ ನಾನು ಬಿಡಲಿಲ್ಲ."