ಮೂರನೆಯ ತೋಳು

ಅಂಗಿಯ ತೋಳುಗಳಲ್ಲೂ ಎಡ ಬಲ ಎಂಬ ಭೇದವಿದೆ ಎಂಬ ಗಹನವಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನನಗದು ಬಟ್ಟೆ ಕತ್ತರಿಸಿದ ಮೇಲೆ ತಿಳಿಯಿತು.

ತೀರಿಹೋದ ನನ್ನ ಅತ್ತೆ ತಮ್ಮ ಮಗಳಿಗೆಂದು ಎತ್ತಿಟ್ಟಿದ್ದ ನೀಲಿ ಬಟ್ಟೆ ಅದು. "ಟೈಲರ್ ಯಾಕೆ, ನಾನಿಲ್ವಾ?" ಎಂದು ನಾದಿನಿಯಿಂದ ಕಿತ್ತುಕೊಂಡವಳು ನಾನೇ. ಟೀವಿಯ ಹೊಲಿಗೆ ಟೀಚರ್ ಇದ್ದಾರೆಂಬ ಧೈರ್ಯ. ಅತ್ತೆಯೂ ಆಕೆಯಿಂದಲೇ ಕಲಿತವರು. ಒಡಲು, ಕಾಲರು ಹೊಲಿದಾಯಿತು, ಇಸ್ತ್ರಿಯಲ್ಲಿ ಕಾಲರನ್ನು ತುಸು ಸುಟ್ಟದ್ದೂ ಆಯಿತು. ತೋಳು ಜೋಡಿಸಲು ಹೋದರೆ ಎರಡೂ ಎಡಗೈಯವು. ಮಿಕ್ಕಿದ್ದು ಅಂಗೈಯಗಲದ ಚೂರು. ಎಲ್ಲವನ್ನೂ ಬೀರುವಿಗೆ ತುರುಕಿ, ಏನೂ ಆಗದವಳಂತೆ ಮಾವನ ಪಕ್ಕ ಕೂತು ಮಧ್ಯಾಹ್ನದ ಪಾಠ ನೋಡಿದೆ.

ಟೀಚರ್ ಅಂದು ನಗಲಿಲ್ಲ. ಅವರ ಮೆಷಿನ್ ನಿಂತಿದ್ದರೂ ಟಕಟಕ ಸದ್ದು ಕೇಳುತ್ತಿತ್ತು. ಅವರು ಅರೆಬರೆ ಅಂಗಿಯೊಂದನ್ನು ಎತ್ತಿ ಹಿಡಿದರು. ಅದೇ ನೀಲಿ, ಕಾಲರಿನ ಮೇಲೆ ನನ್ನ ಇಸ್ತ್ರಿ ಸುಟ್ಟ ಕಲೆ.

"ಎರಡೂ ಎಡಗೈಯೇ ಕತ್ತರಿಸಿದೀಯಲ್ಲಮ್ಮ."

ಮಾವ ಬಿದ್ದುಬಿದ್ದು ನಕ್ಕರು. "ಸದ್ಯ, ಮೂರನೇದು ಕತ್ತರಿಸಿಲ್ಲ ಪುಣ್ಯಾತ್ಗಿತ್ತಿ!"

ಸರಕ್ಕನೆ ಎದ್ದೆ. ಟೀವಿ ಆರಿಸಿದೆ. ಟಕಟಕ ನಿಲ್ಲಲಿಲ್ಲ, ಒಳಕೋಣೆಯಿಂದ ಬರುತ್ತಿತ್ತು.

"ಮೆಷಿನ್ ಹತ್ರ ಯಾರಮ್ಮಾ?" ಎಂದರು ಮಾವ. ಮನೆಯಲ್ಲಿದ್ದದ್ದು ನಾವಿಬ್ಬರೇ.

ಸದ್ದು ನಿಂತ ಮೇಲೆ ಹೋಗಿ ನೋಡಿದೆ. ಮೆಷಿನ್ನಿನ ಮೇಲೆ ಅಂಗಿ ಮಡಿಸಿಟ್ಟಿತ್ತು, ಇಸ್ತ್ರಿಯ ಬಿಸಿ ಆರಿರಲಿಲ್ಲ. ಕಾಲರಿನ ಕಲೆ ಹಾಗೇ ಇತ್ತು. ತೋಳು ಮಾತ್ರ ಒಂದು ಎಡ, ಒಂದು ಬಲ.

ಸಂಜೆ ನಾದಿನಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಳು. "ಅತ್ಗೆ, ಥೇಟ್ ಅಮ್ಮನ ಹೊಲಿಗೆ! ಪೂರ್ತಿ ನೀವೇ ಹೊಲಿದ್ರಾ?" ತಲೆ ತಗ್ಗಿಸಿ ಹೂಂ ಎಂದೆ.

ನಾನು ಕತ್ತರಿಸಿದ ಎರಡನೆಯ ಎಡತೋಳು ಆ ಅಂಗೈಯಗಲದ ಚೂರಿನ ಜೊತೆ ಬೀರುವಿನಲ್ಲೇ ಇತ್ತು. ಈಗಲೂ ಇದೆ.