ಜಾವಕ ನಂಬರ್ 214

2024ರ ಡಿಸೆಂಬರ್ 3, ಮಂಗಳವಾರ. ಬೆಳಿಗ್ಗೆ 10:20ಕ್ಕೆ ರೈಸ್ ಮಿಲ್ ಮಾಲೀಕ ಪಂಪಾಪತಿ ಸಾವ್ಕಾರರು ಸಿಂಧನೂರಿನ ಠಾಣೆಗೆ ಬಂದರು. ಟೈಪ್ ಮಾಡಿಸಿದ ದೂರನ್ನು ಪಿಎಸ್ಐ ಬೀರಲಿಂಗ ಅವರ ಮೇಜಿನ ಮೇಲಿಟ್ಟು, ಕುಳಿತುಕೊಳ್ಳಲು ಹೇಳುವ ಮೊದಲೇ ಕುಳಿತರು.

ದೂರು ಚಿಕ್ಕದು. ಹಿಂದಿನ ದಿನ ಐರ್ಲೆಂಡಿನ ವೀಸಾ ಕಚೇರಿಯಿಂದ ಅವರ ಫೋನಿಗೆ ಒಂದು ಮೇಲ್ ಬಂದಿತ್ತು. ವಳಕಮದಿನ್ನಿಯ ಹುಸೇನ್‌ಬೀ, ವಯಸ್ಸು 54, ನಿಮ್ಮ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸದಲ್ಲಿರುವುದು ನಿಜವೇ, ಬುಧವಾರ ಸಂಜೆ ಐದರೊಳಗೆ ಉತ್ತರಿಸಿ ಎಂದು ಕೇಳಿದ್ದರು. ಜೊತೆಗೆ ಮಿಲ್ಲಿನ ಹೆಸರಿನ ಕಾಗದದಲ್ಲಿ ಮಿಲ್ಲಿನದೇ ಸೀಲು ಬಿದ್ದ ಒಂದು ಉದ್ಯೋಗ ಪತ್ರದ ನಕಲಿತ್ತು. ಕೆಳಗೆ ಸಾವ್ಕಾರರ ಸಹಿ. ಆ ಸಹಿ ತಾವು ಮಾಡಿದ್ದಲ್ಲ, ಆ ಹೆಸರಿನ ನೌಕರಳು ತಮ್ಮ ಮಿಲ್ಲಿನಲ್ಲಿ ಇಲ್ಲವೇ ಇಲ್ಲ ಎಂದು ಸಾವ್ಕಾರರು ಬರೆದಿದ್ದರು.

"ಆ ಹೆಣ್ಣುಮಗಳು ನಿಮಗ ಗೊತ್ತೇನ್ರಿ?" ಬೀರಲಿಂಗ ಕೇಳಿದರು.

"ಹಂಗಾಮಿಗೆ ನೂರು ಮಂದಿ ಬರ್ತಾರ, ಹೋಗ್ತಾರ. ಯಾರ್ಯಾರಂತ ನೆನಪಿಡ್ಲಿ?"

"ಸೀಲು ಯಾರ ಕೈಯಾಗ ಇರ್ತದ?"

"ಗುಮಾಸ್ತ ಗದ್ದೆಪ್ಪನ ಕಪಾಟಿನ್ಯಾಗ. ಇಪ್ಪತ್ತು ವರ್ಷದ ನಂಬಿಕಸ್ಥರಿ ಅಂವ. ಜ್ವರ ಬಂದು ನಿನ್ನೆಯಿಂದ ಮಸ್ಕ್ಯಾಗ ಮನಿಯಾಗ ಮಲಗ್ಯಾನ. ಇದು ಏಜೆಂಟರ ಕೆಲಸ. ಎಫ್ಐಆರ್ ಕೊಡ್ರಿ, ಅದನ್ನ ಹಚ್ಚಿ ವೀಸಾದವರಿಗೆ ಕಳಿಸಿಬಿಡ್ತೀನಿ."

"ಈಗ ಕಳಿಸಿದ್ರ ಏಜೆಂಟರು ಎಚ್ಚರ ಆಗ್ತಾರ. ನಾಳೆ ಐದರತನಕ ಟೈಂ ಐತಲ್ಲ, ತಡೀರಿ."

11:05ಕ್ಕೆ ಖೋಟಾ ದಾಖಲೆ ಸೃಷ್ಟಿಯ ಕಲಮಿನಡಿ ಎಫ್ಐಆರ್ ದಾಖಲಾಯಿತು. ಬೀರಲಿಂಗ ಅವರು ಕಡತವನ್ನು ಎಎಸ್ಐ ಅಯ್ಯಮ್ಮನ ಕೈಗಿಟ್ಟರು. "ಈ ತನಿಖೆ ನೀವ ಮಾಡ್ರಿ, ಅಯ್ಯಮ್ಮನವರ."

ಅಯ್ಯಮ್ಮನಿಗೆ ಐವತ್ತೆರಡು ವರ್ಷ, ಸೇವೆಗೆ ಇಪ್ಪತ್ತೆಂಟು. ಅಷ್ಟೂ ವರ್ಷ ಬಂದೋಬಸ್ತಿನಲ್ಲಿ ನಿಂತಿದ್ದಳು, ಮಹಿಳಾ ಆರೋಪಿಗಳನ್ನು ಕಾದಿದ್ದಳು, ಬೇರೆಯವರ ಕೇಸುಗಳ ಹೇಳಿಕೆ ಬರೆದಿದ್ದಳು. ಮೊದಲ ಪುಟದಿಂದಲೇ ತನ್ನ ಹೆಸರಿರುವ ಕಡತ ಇದೇ ಮೊದಲು. ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಅದನ್ನು ಎದೆಗೊತ್ತಿಕೊಂಡಳು. ಯಾರಾದರೂ ನೋಡಿಯಾರೆಂದು ಕೆಳಗಿಳಿಸಿ, ಟೋಪಿ ಸರಿಮಾಡಿಕೊಂಡಳು.

ಜೀಪಿನಲ್ಲಿ ಕುಳಿತು ಆ ಪತ್ರವನ್ನು ಎರಡು ಸಲ ಓದಿದಳು. ಹಿಂದೆ ಠಾಣೆಗೆ ಬಂದ ನಕಲಿ ಪತ್ರಗಳಲ್ಲೆಲ್ಲ ಒಬ್ಬ ಮ್ಯಾನೇಜರ್, ಇಲ್ಲ ಒಬ್ಬ ಸೂಪರ್‌ವೈಸರ್ ಇರುತ್ತಿದ್ದ. ಈ ಇಂಗ್ಲಿಷ್ ಪತ್ರ ಬೇರೆಯೇ ಇತ್ತು. ಪ್ರತಿ ಲೋಡಿನ ಮೇಲಿನ, ನಡುವಿನ, ತಳದ ಚೀಲದಿಂದ ಕಾಳು ತೆಗೆದು ಹಲ್ಲಿನಲ್ಲಿ ಕಡಿದು ಹಸಿ ಎಷ್ಟೆಂದು ಹೇಳುವುದು. ರೈತರಿಗೂ ಮಿಲ್ಲಿನವರಿಗೂ ಜಗಳ ಬಾರದಂತೆ ನೋಡಿಕೊಳ್ಳುವುದು. ಹುಸೇನ್‌ಬೀಯ ಉದ್ಯೋಗ ಅಷ್ಟೇ ಎಂದಿತ್ತು.

"ಸುಳ್ಳು ಬರಿಯೋರು ಇಷ್ಟು ಸಣ್ಣ ಸುಳ್ಳು ಯಾಕ ಬರೀತಾರಲೇ, ಬಾಬುಸಾಬ್?"

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಬಾಬುಸಾಬ್ ನಕ್ಕ. "ದೊಡ್ಡದು ಮುಗುದು ಹೋಗಿರಬೇಕ್ರಿ ಮೇಡಂ."

ವೀಸಾ ಕಚೇರಿಯ ಮೇಲ್‌ನಲ್ಲಿ ಹುಸೇನ್‌ಬೀಯದೆಂದು ಕೊಟ್ಟಿದ್ದ ಫೋನ್ ನಂಬರು ಲಿಂಗಸುಗೂರು ಬಸ್ ನಿಲ್ದಾಣದ ಎದುರಿನ ಒಂದು ಆನ್‌ಲೈನ್ ಸೆಂಟರಿನದು. 1:15ಕ್ಕೆ ಅಲ್ಲಿಗೆ ತಲುಪಿದರು. ಅಂಗಡಿಯ ನಾಸೀರ್ ಪೊಲೀಸರನ್ನು ಕಂಡು ಜೆರಾಕ್ಸ್ ಮಷೀನು ಬಂದ್ ಮಾಡಿದ.

"ಹುಸೇನ್‌ಬೀ ಅರ್ಜಿ ತುಂಬಿದವ ನೀನಾ?"

"ಹೌದ್ರಿ. ಮಗಳು ಅತೀಯಾ ಐರ್ಲೆಂಡಿನ್ಯಾಗ ನರ್ಸ್ ಅದಾಳ. ಚೊಚ್ಚಲ ಬಸುರಿ. ಬಾಣಂತನಕ್ಕ ಹೋಗಬೇಕು ಅಂತ ಬಂದಿದ್ರು."

"ಪತ್ರ ನೀ ಮಾಡಿದ್ಯಾ?"

"ಇಲ್ಲರೀ! ಅವರ ತಂದ್ರು. ‘ನಿಮ್ಮ ಉದ್ಯೋಗ ವಿವರಿಸಿ’ ಅಂತ ಒಂದು ಕಾಲಂ ಇರ್ತದ. ನಾನು ಸೂಪರ್‌ವೈಸರ್ ಅಂತ ಹಾಕ್ತೀನಿ ಖಾಲಾ ಅಂದೆ. ಮೈಮ್ಯಾಲೆ ಬಂದ್ರು ನೋಡ್ರಿ. ‘ನಾ ಭತ್ತ ಕಡೀತೀನಿ, ಕಡೀತೀನಿ ಅಂತ ಬರಿ’ ಅಂದ್ರು. ಅದಕ್ಕ ಇಂಗ್ಲಿಷ್ ಎಲ್ಲಿಂದ ತರ್ಲಿ? ಅರ್ಧ ತಾಸು ತಲಿ ಕೆರಕೊಂಡೆ."

"ಪತ್ರ ಇಲ್ಲದ ಅರ್ಜಿ ನಡೀತಿರಲಿಲ್ಲೇನು?"

"ಹೊಲ ಇಲ್ಲ, ಗಂಡ ಇಲ್ಲರಿ ಆಕಿಗೆ. ವಾಪಸ್ ಬರ್ತಾಳ ಅಂತ ನಂಬಾಕ ಅವರಿಗೆ ಏನಾರ ಬೇಕಲ್ಲ. ಇರೋದು ಕೆಲಸ ಒಂದ. ಅದೂ ಸುಳ್ಳು ಅಂತಾದ್ರ, ಈ ಸಲದ್ದು ಬಿಡ್ರಿ, ಮುಂದ ಯಾವತ್ತೂ ವೀಸಾ ಸಿಗಂಗಿಲ್ಲ."

ನಾಸೀರನ ಹೇಳಿಕೆ ಬರೆದುಕೊಂಡು, ಕಂಪ್ಯೂಟರಿನಲ್ಲಿದ್ದ ಅರ್ಜಿಯ ಪ್ರತಿ ಪಡೆದು ಅಯ್ಯಮ್ಮ ಹೊರಗೆ ಬಂದಳು. ತನ್ನ ಮಗಳ ಹೆರಿಗೆಯ ದಿನ ಅವಳು ಚುನಾವಣಾ ಬಂದೋಬಸ್ತಿನಲ್ಲಿದ್ದಳು. ಮೊಮ್ಮಗನ ಮುಖವನ್ನು ನಾಲ್ಕನೆಯ ದಿನ ನೋಡಿದ್ದು.

ಬುಧವಾರ ಬೆಳಿಗ್ಗೆ 9:30ಕ್ಕೆ ಜೀಪು ವಳಕಮದಿನ್ನಿಗೆ ಬಂತು. ಕಾಲುವೆ ದಂಡೆಯ ಮನೆ. ಒಳಗಿನಿಂದ ತುಪ್ಪದಲ್ಲಿ ಅಂಟು ಹುರಿದ ವಾಸನೆ ಬೀದಿಯವರೆಗೂ ಬರುತ್ತಿತ್ತು. ಹುಸೇನ್‌ಬೀ ಅಂಟಿನ ಉಂಡೆ ಕಟ್ಟಿ ಸ್ಟೀಲಿನ ಡಬ್ಬಿಗೆ ತುಂಬುತ್ತಿದ್ದಳು. ಸಣ್ಣ ಮೈ, ದೊಡ್ಡ ಗಂಟಲು.

"ಬರ್ರಿ, ಒಳಗ ಬರ್ರಿ. ವೀಸಾ ಎನ್‌ಕ್ವಯರಿಗೆ ಬಂದೀರೇನು?"

"ಕೇಸಿಗೆ ಬಂದೀವವ್ವ. ಆ ಪತ್ರದ ಸಹಿ ಸಾವ್ಕಾರರದಲ್ಲಂತ. ಯಾರು ಕೊಟ್ರು ನಿನಗ?"

ಹುಸೇನ್‌ಬೀಯ ಕೈಯಲ್ಲಿದ್ದ ಉಂಡೆ ಅರ್ಧಕ್ಕೇ ನಿಂತಿತು. "ಸಹಿ ಯಾರದೋ ನನಗ ಓದಾಕ ಬರಲ್ಲ. ಕೊಟ್ಟೋರು ಒಳ್ಳೇರು. ಹೆಸರು ಮಾತ್ರ ಹೇಳಂಗಿಲ್ಲ."

"ಹೇಳದಿದ್ರ ನಿನ್ನ ಒಳಗ ಹಾಕಬೇಕಾಗ್ತದ."

"ಹಾಕ್ರಿ. ಮಗಳಿಗೆ ಇಪ್ಪತ್ತೆಂಟಕ್ಕ ದಿನ ಕೊಟ್ಟಾರ. ಅಷ್ಟರೊಳಗ ಬಿಡ್ರಿ." ಅಷ್ಟು ಹೇಳಿ ಉಂಡೆಯನ್ನು ಪೂರ್ತಿ ಕಟ್ಟಿ ಅಯ್ಯಮ್ಮನ ಕೈಗಿಟ್ಟಳು. "ಮೊದಲು ತಿನ್ರಿ. ಬಾಣಂತಿ ಆದಮ್ಯಾಗ ನಿಮಗ ಯಾರಾರ ಮಾಡಿಕೊಟ್ಟಿದ್ರೋ ಇಲ್ಲೋ."

ಅಯ್ಯಮ್ಮ ಕೇಳಿದ ಮೇಲೆ ಅವಳ ಪ್ಲಾಸ್ಟಿಕ್ ಕವರಿನಿಂದ ಮೂಲ ಪತ್ರ ಹೊರಗೆ ಬಂತು. ಮೇಲ್‌ನಲ್ಲಿ ಬಂದ ನಕಲಿನಲ್ಲಿ ಕಾಗದದ ಬಲ ಅಂಚು ಕತ್ತರಿಸಿ ಹೋಗಿತ್ತು. ಮೂಲದಲ್ಲಿ ಅದು ಪೂರ್ತಿಯಾಗಿತ್ತು. ಬಲಗಡೆ ತುದಿಯಲ್ಲಿ ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಜಾವಕ ನಂ. 214.

ಕಚೇರಿಯಿಂದ ಹೊರಹೋಗುವ ಪ್ರತಿ ಕಾಗದವನ್ನೂ ಜಾವಕ ಪುಸ್ತಕದಲ್ಲಿ ಬರೆದು ನಂಬರು ಹಾಕುತ್ತಾರೆ. ಖೋಟಾ ಕಾಗದಕ್ಕೆ ನಂಬರು ಯಾಕೆ? ಹಾಕಿದ್ದಾರೆಂದರೆ ಪುಸ್ತಕದಲ್ಲೂ ಬರೆದಿರಬೇಕಲ್ಲ!

"ಬಾಬುಸಾಬ್, ಮಿಲ್ಲಿಗೆ ನಡಿ. ಹುಸೇನ್‌ಬೀ, ನೀನೂ ಬಾ. ಆ ಡಬ್ಬಿ ಮುಚ್ಚಿಡು, ಇರುವಿ ಹತ್ತಾವು."

11:20ಕ್ಕೆ ಮಿಲ್ಲಿನಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಸುಗ್ಗಿಯ ಕಾಲ. ಗೇಟಿನಿಂದ ರಸ್ತೆಯವರೆಗೂ ಭತ್ತದ ಟ್ರ್ಯಾಕ್ಟರುಗಳು ನಿಂತಿದ್ದವು. ಮೊದಲ ಟ್ರ್ಯಾಕ್ಟರಿನ ರೈತ ಸಾವ್ಕಾರರ ಜೊತೆ ಜಗಳಕ್ಕೆ ನಿಂತಿದ್ದ. "ನಿಮ್ಮ ಹಸಿ ನೋಡೋ ಮಷೀನು ನಿಮಗ ಬೇಕಾದಂಗ ಹೇಳ್ತದ. ಆಕಿ ಎಲ್ಲಿ? ಆಕಿ ಹೇಳ್ಲಿ, ಒಪ್ತೀನಿ."

ಸಾವ್ಕಾರರ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಪೊಲೀಸರ ಮೇಲೆ. ತಲೆ ಬಿಸಿಯಾಗಿತ್ತು. ಜೀಪಿನಿಂದ ಇಳಿದ ಹುಸೇನ್‌ಬೀಯನ್ನು ಕಂಡದ್ದೇ ತಡ, ಹಿಡಿ ಭತ್ತ ತೆಗೆದು ಅವಳ ಅಂಗೈಗೆ ಸುರಿದರು.

"ಇದೊಂದು ನೋಡಬೇ ಲಗೂನ."

ಹುಸೇನ್‌ಬೀಯೂ ಯೋಚಿಸಲಿಲ್ಲ. ಎರಡು ಕಾಳು ಬಾಯಿಗೆ ಹಾಕಿ ಕಟಕ್ಕೆಂದು ಕಡಿದಳು. ಟ್ರ್ಯಾಕ್ಟರ್ ಹತ್ತಿ ನಡುವಿನ ಚೀಲಕ್ಕೆ ಕೈ ತೂರಿಸಿ, ಇನ್ನೆರಡು ಕಡಿದು ಉಗುಳಿದಳು. "ಹಸಿ ಮ್ಯಾಲಿಂದು ಹದಿನಾಲ್ಕು, ನಡಕಿಂದು ಹದಿನೇಳು. ಕಣದಾಗ ಇನ್ನೊಂದು ದಿನ ಒಣಗಸಬೇಕಿತ್ತಪ್ಪ."

ರೈತ ತಲೆ ಕೆರೆದುಕೊಂಡು ನಕ್ಕ. ಸಾವ್ಕಾರರೂ ನಗಲು ಹೋದರು. ಆಮೇಲೆ ಪೊಲೀಸರೂ ಪಂಚರೂ ತಮ್ಮನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ಬಾಬುಸಾಬ್, ಟೈಂ ಬರಕೊ," ಅಯ್ಯಮ್ಮ ಮೆಲ್ಲಗೆ ಹೇಳಿದಳು. "11:40. ಪಿರ್ಯಾದಿದಾರರು ತಾವಾಗಿಯೇ ಹುಸೇನ್‌ಬೀಗೆ ಭತ್ತ ಕೊಟ್ಟು ತೇವ ಕೇಳಿದರು. ಪಂಚರು ಕಣ್ಣಾರೆ ನೋಡಿದಾರ. ಹೌದಲ್ರಿ?"

ಪಂಚರು ತಲೆಯಾಡಿಸಿದರು. ಸಾವ್ಕಾರರ ಮುಖ ಕಪ್ಪಿಟ್ಟಿತು. "ಆಕಿ ಇದ್ರೇನಾತು? ಸಹಿ ನಂದಲ್ಲ."

"ಅದೂ ಖರೆ ಐತ್ರಿ. ಅದನ್ನೂ ಬರೀತೀವಿ. ಜಾವಕ ಪುಸ್ತಕ ತರಿಸ್ರಿ."

ಗುಮಾಸ್ತನ ಕಪಾಟಿನಿಂದ ಕೆಂಪು ಬಟ್ಟೆಯ ಪುಸ್ತಕ ಬಂತು. ಅಯ್ಯಮ್ಮ ಹಾಳೆ ತಿರುಗಿಸಿದಳು. 212, ಗೋಣಿಚೀಲದ ಆರ್ಡರ್. 213, ವಿದ್ಯುತ್ ಕಚೇರಿಗೆ. 214, ಅಕ್ಟೋಬರ್ 21: ‘ಹುಸೇನ್‌ಬೀ, ಭತ್ತ ಪರೀಕ್ಷಕಿ, ಇವರಿಗೆ ಸೇವಾ ಪತ್ರ.’ ಅದೇ ನೀಲಿ ಪೆನ್ನು, ಅದೇ ದುಂಡಗಿನ ಅಕ್ಷರ. ಪುಸ್ತಕದ ಉದ್ದಕ್ಕೂ ಅದೊಂದೇ ಕೈ. ಗದ್ದೆಪ್ಪನದು.

ಪುಸ್ತಕವನ್ನೂ ಸೀಲನ್ನೂ ಜಪ್ತಿ ಮಾಡಲು ಬಾಬುಸಾಬನನ್ನು ಬಿಟ್ಟು ಅಯ್ಯಮ್ಮ ಮಸ್ಕಿಗೆ ಹೊರಟಳು. ಗೇಟು ದಾಟುವಾಗ ಹಿಂದೆ ಹುಸೇನ್‌ಬೀಯ ದೊಡ್ಡ ಗಂಟಲು ಕೇಳಿಸಿತು. ಎರಡನೆಯ ಟ್ರ್ಯಾಕ್ಟರ್ ಒಳಗೆ ಬಂದಿತ್ತು. ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

"ನಾ ಹೆಂಗ ಕಡೀಲಿ, ಸಾವ್ಕಾರ? ಇಲ್ಲಿ ನಾ ಕೆಲಸದಾಗ ಇಲ್ಲಂತ ನೀವ ಸಹಿ ಮಾಡಿ ಠಾಣೆಕ ಕೊಟ್ಟೀರಂತ. ಆ ಸಹಿ ನಿಮ್ಮದ ಹೌದಲ್ಲ?"

ಮಸ್ಕಿಯ ಬೆಟ್ಟದ ಬುಡದ ಓಣಿಯಲ್ಲಿ ಗದ್ದೆಪ್ಪನ ಮನೆ. 2:30ಕ್ಕೆ ಬಾಗಿಲು ತೆರೆದಾಗ ಅವನು ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿದ್ದ. ಐವತ್ತೆಂಟು ವರ್ಷ. ಜ್ವರದ ಸುಳಿವಿಲ್ಲ.

"ನಿನ್ನೆನ ಬರ್ತೀರಿ ಅನ್ಕೊಂಡಿದ್ದೆ, ಮೇಡಂ."

"214 ನೀವ ಬರದದ್ದಾ?"

"ಹೌದ್ರಿ."

"ಸಹಿ?"

"ಅದೂ ನಂದ. ಸಾವ್ಕಾರರಿಗೆ ಮೂರು ಸಲ ಹೇಳಿದೆ, ಒಂದು ಪತ್ರ ಕೊಡ್ರಿ ಅಂತ. ಕೊಟ್ರ ಆಕಿ ಹಾಜರಿ ಪುಸ್ತಕದಾಗ ಬರ್ತಾಳ, ನಾಳೆ ಉಳಿದ ಹೆಣ್ಮಕ್ಕಳೂ ಕೇಳ್ತಾರ ಅಂದ್ರು."

"ಖೋಟಾ ಪತ್ರಕ್ಕ ಜಾವಕ ನಂಬರ್ ಯಾಕ ಹಾಕಿದಿರಿ? ಅದಿಲ್ಲದಿದ್ರ ಇಷ್ಟು ಲಗೂ ಸಿಗ್ತಿರಲಿಲ್ಲ."

ಗದ್ದೆಪ್ಪ ತಬ್ಬಿಬ್ಬಾದ. "ನಂಬರ್ ಹಾಕದ ಕಾಗದ ಹೆಂಗ ಹೊರಗ ಬಿಡಾಕ ಬರ್ತದ್ರಿ?"

2:50ಕ್ಕೆ ದಸ್ತಗಿರಿ. ಹೆಂಡತಿಗೆ ತಿಳಿಸಿ ಮೆಮೊಗೆ ಸಹಿ ಪಡೆದರು. ಜೀಪು ಸಿಂಧನೂರಿನ ದಾರಿ ಹಿಡಿಯುತ್ತಲೇ ಬಾಬುಸಾಬನ ಫೋನು ಶುರುವಾಯಿತು.

3:25. "ಮೇಡಂ, ಒಂಬತ್ತು ಟ್ರ್ಯಾಕ್ಟರ್ ನಿಂತಾವ್ರಿ. ಮಷೀನಿನ ಮಾತಿಗೆ ಯಾರೂ ಚೀಲ ಇಳಸವಲ್ರು."

4:05. "ಹದಿನಾಲ್ಕಾದ್ವು. ಹುಸೇನ್‌ಬೀ ಕಟ್ಟಿ ಬಿಟ್ಟು ಏಳವಲ್ಲಳು. ಒಬ್ಬ ಆಕಿಗೆ ಚಾ ತಂದುಕೊಟ್ಟಾನ. ಸಾವ್ಕಾರರಿಗೆ ಯಾರೂ ಕೊಟ್ಟಿಲ್ಲರಿ."

ಹಿಂದಿನ ಸೀಟಿನಲ್ಲಿದ್ದ ಗದ್ದೆಪ್ಪ ಗಡಿಯಾರ ನೋಡುತ್ತಲೇ ಇದ್ದ. "ಐದರೊಳಗ ವೀಸಾದವರಿಗೆ ಒಂದ ಸಾಲು ಹೋದ್ರ ಸಾಕ್ರಿ ಮೇಡಂ. ‘ಕೆಲಸದಲ್ಲಿರುವುದು ನಿಜ’ ಅಂತ."

"ಆ ಸಾಲು ನೀವೂ ಬರಿಯಂಗಿಲ್ಲ, ನಾನೂ ಬರಿಯಂಗಿಲ್ಲ. ಸಾವ್ಕಾರರ ಬರೀಬೇಕು," ಅಂದಳು ಅಯ್ಯಮ್ಮ.

4:30 ಆಯಿತು. 4:40 ಆಯಿತು. ಫೋನು ಸುಮ್ಮನಿತ್ತು. ಠಾಣೆಯ ಮುಂದೆ ಜೀಪು ನಿಂತರೂ ಇಬ್ಬರೂ ಇಳಿಯಲಿಲ್ಲ.

4:46ಕ್ಕೆ ಫೋನಿನಲ್ಲಿ ಬಾಬುಸಾಬ್ ಕೂಗಿದ್ದು ಚಾಲಕನಿಗೂ ಕೇಳಿಸಿತು. "ಕಳಿಸಿದ್ರು ಮೇಡಂ! ನನ್ನ ಎದುರಿಗೇ ಒತ್ತಿದ್ರು. ಹತ್ತೊಂಬತ್ತು ವರ್ಷದಿಂದ ಕೆಲಸದಾಗ ಅದಾಳ, ರಜಾ ಮುಗಿಸಿ ಬಂದ ಮ್ಯಾಲೆ ಅದ ಕೆಲಸ ಕೊಡ್ತೀನಿ, ಪತ್ರದಾಗಿನ ಸಹಿ ಮಾತ್ರ ನಂದಲ್ಲ, ಅದರ ಕೇಸು ಬ್ಯಾರೆ ನಡದೈತಿ ಅಂತ. ಆಕಿ ಎದ್ದು ಟ್ರ್ಯಾಕ್ಟರ್ ಹತ್ಯಾಳ, ಕಟಕಟ ಕಡೀಲಿಕತ್ಯಾಳ!"

ಗದ್ದೆಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

ಠಾಣೆಯಲ್ಲಿ ಅವನ ಹೇಳಿಕೆಯನ್ನು ಅಯ್ಯಮ್ಮ ತಾನೇ ಬರೆದುಕೊಂಡಳು. ಕಾರ್ಮಿಕ ಇಲಾಖೆಯವರು ಬಂದಾಗಲೆಲ್ಲ ಹೆಂಗಸರನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸಿ, ಅವರ ಹೆಸರಿಲ್ಲದ ಹಾಜರಿ ಪುಸ್ತಕ ತೋರಿಸುತ್ತಿದ್ದವನು ಅವನೇ. ಹೊರಗೆ ಹೋದ ಹುಸೇನ್‌ಬೀ ಒಮ್ಮೆ ಕಿಟಕಿಯಲ್ಲಿ ಇಣುಕಿ, "ಗದ್ದೆಪ್ಪಣ್ಣ, ನಾ ಇನ್ನ ಅದೀನೋ, ಇಲ್ಲೋ?" ಎಂದು ನಗುತ್ತ ಕೇಳಿದ್ದಳಂತೆ. ಅವಳು ಮರೆತಳು, ತನಗೆ ಮರೆಯಲಾಗಲಿಲ್ಲ ಎಂದ. "ಇದ್ದಾಕಿನ್ನ ಇಲ್ಲ ಅಂತ ಹತ್ತೊಂಬತ್ತು ವರ್ಷ ಬರದೀನ್ರಿ. ಯಾರೂ ನನ್ನ ಹಿಡೀಲಿಲ್ಲ."

ಮರುದಿನ ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು. ಪ್ರಕರಣ ಇನ್ನೂ ನಡೆದಿದೆ. ಡಿಸೆಂಬರ್ 19ಕ್ಕೆ ಹುಸೇನ್‌ಬೀಯ ವೀಸಾ ಬಂತು. 22ರಂದು ಅವಳು ಉಂಡೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೈದರಾಬಾದಿನ ಬಸ್ಸು ಹತ್ತಿದಳು.

ದಸ್ತಗಿರಿಯಾದ ಆ ಬುಧವಾರ ಸಂಜೆ, ನ್ಯಾಯಾಲಯಕ್ಕೆ ಹೋಗಬೇಕಾದ ವರದಿಯನ್ನು ಅಯ್ಯಮ್ಮ ಲಕೋಟೆಗೆ ಹಾಕುತ್ತಿದ್ದಾಗ ಬೆಂಚಿನಲ್ಲಿದ್ದ ಗದ್ದೆಪ್ಪ ಕೆಮ್ಮಿದ.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಅದಕ್ಕ ನಂಬರ್ ಹಾಕಿಲ್ಲ."

ಅಯ್ಯಮ್ಮ ಲಕೋಟೆಯಿಂದ ಕಾಗದವನ್ನು ಮತ್ತೆ ಹೊರಗೆ ತೆಗೆದು, ಠಾಣೆಯ ಜಾವಕ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು.